ಯಾವುದಕ್ಕೂ ಆಗದ ಮೂರು ಕೀಲಿ

ಕಾಫಿಪುಡಿಯ ಹಳೇ ಡಬ್ಬಿಯಲ್ಲಿ
ಮುದುಕ ಗಾರ್ಲಿಟ್ಸ್ಕಿ ಕೀಲಿಗಳನ್ನು ಕೊಟ್ಟ.
"ಹತ್ತೊಂಬತ್ತಿವೆ. ಮೂರು ಯಾವುದಕ್ಕೂ ಆಗೋದಿಲ್ಲ.
ಆದರೂ ಎಸೀಬೇಡ."
ನನಗಾದ ಉಪದೇಶ ಅಷ್ಟೇ.
ಈರೀ ಸರೋವರದ ಗಾಳಿಗೆ ಮುಖ ಕೊಟ್ಟು ನಿಂತ
ಎರಡಂತಸ್ತಿನ ಮರದ ಮನೆ
ಬೀಗದ ಸಮೇತ, ಸಾಲದ ಸಮೇತ ನನ್ನದಾಯಿತು.

ಕೆಳಗೆ ನಾನು. ಮೇಲೆ ಬಾಡಿಗೆ.
ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ
ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳು
ಒಂದು ಸಂಸಾರಕ್ಕೆ ಸೂರು ಕೊಡಲಾರೆನೆ, ಅಂದುಕೊಂಡೆ.

ಗ್ರಂಥಾಲಯದ ಪುಸ್ತಕ ಹೇಳಿತು:
ಮುಂಗಡವನ್ನು ಬೇರೆ ಖಾತೆಯಲ್ಲಿಡು, ಮುಟ್ಟಬೇಡ.
ಒಳಗೆ ಕಾಲಿಡುವುದಾದರೆ ಹಿಂದಿನ ದಿನವೇ ತಿಳಿಸು.
ಸೌಜನ್ಯ ಇರಲಿ, ಸಲಿಗೆ ಬೇಡ.
ಪೆನ್ಸಿಲಿನಲ್ಲಿ ಗೆರೆ ಎಳೆದೆ,
ತಕ್ಷಣ ಅಳಿಸಿದೆ.
ಪುಸ್ತಕವೂ ಎರವಿನದು.

ಜೂನಿನಲ್ಲಿ ಬಂದರು ಒಡೆಲ್ ಮತ್ತು ಲವೀನಿಯಾ ಪ್ರೂಯಿಟ್,
ಎಂಟು ವರ್ಷದ ಜೆನೀವಾ.
ಕರಾರಿನ ಕಾಗದ ಮುಂದೆ ತಳ್ಳುವಾಗ ನನ್ನ ಕೈ ನಡುಗಿತು.
"ನಿಮಗೂ ಇದು ಮೊದಲನೆಯದಾ?" ಅಂದ ಒಡೆಲ್.
"ಛೇ, ಇಲ್ಲಪ್ಪ" ಅಂದೆ.
ಮಾಲೀಕಳಾಗಿ ನನ್ನ ಮೊದಲ ಸುಳ್ಳು.

ಅಂದಿನಿಂದ ತಲೆಯ ಮೇಲೆ ನಡಿಗೆ.
ಬೆಳಗಿನ ಐದಕ್ಕೆ ಪ್ಲಾಸ್ಟಿಕ್ ಕಾರ್ಖಾನೆಗೆ ಅವನ ಬೂಟು ಇಳಿಯುತ್ತದೆ,
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ
ಅವಳ ಮೆತ್ತನೆ ಚಪ್ಪಲಿ ಹತ್ತುತ್ತದೆ.
ಮೆಟ್ಟಿಲ ನಡುವೆ ಒಂದು ನಿಮಿಷ ಯಾವ ಸದ್ದೂ ಇಲ್ಲ.
ಅಷ್ಟೇ ಅವರ ದಾಂಪತ್ಯ.
ಆ ನಿಮಿಷ ನಾನು ನಲ್ಲಿ ತಿರುಗಿಸುವುದಿಲ್ಲ.
ಪುಸ್ತಕದಲ್ಲಿ ಇದು ಇರಲಿಲ್ಲ.

ನವೆಂಬರು. ನಡುರಾತ್ರಿ ಫೋನು:
"ಮಿಸ್ ಡೆಲ್‌ಫೀನ್, ಗೋಡೆಯೊಳಗೆ ಯಾರೋ ಸುತ್ತಿಗೆ ಬಡೀತಿದ್ದಾರೆ."
ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯವಳು ನಕ್ಕಳು:
"ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಂಡಿದೆ.
ಚೌಕ ಬಾಯಿಯ ಗಿಡ್ಡ ಕೀಲಿ ಇದೆಯಾ?"
ಡಬ್ಬಿ ಸುರಿದೆ. ಮೂರರಲ್ಲೊಂದು!
ತಿರುಗಿಸಿದ್ದೇ ತಡ, ಉಸ್ಸ್ ಅಂತ
ಇಡೀ ಮನೆ ನಿಟ್ಟುಸಿರು ಬಿಟ್ಟಿತು,
ಕರಿನೀರು ನನ್ನ ಮುಖಕ್ಕೇ ಚಿಮ್ಮಿತು.
ಎಲ್ಲ ಬಲ್ಲವಳ ಹಾಗೆ ಒರೆಸಿಕೊಂಡೆ.

ಜನವರಿಯ ಐದು ದಾಟಿತು. ಒಂಬತ್ತು ದಾಟಿತು.
ಬಾಡಿಗೆ ಬರಲಿಲ್ಲ.
ನೋಟೀಸು ಬರೆದೆ. "ದಯವಿಟ್ಟು" ಸೇರಿಸಿದೆ, ಹೊಡೆದುಹಾಕಿದೆ,
ಮತ್ತೆ ಸೇರಿಸಿದೆ.
ಕನ್ನಡಿಯೆದುರು ಹುಬ್ಬು ಗಂಟಿಕ್ಕಿ ನೋಡಿದೆ;
ಹಲ್ಲುನೋವಿನವಳ ಹಾಗೆ ಕಂಡೆ.
ನನ್ನದೇ ಮೆಟ್ಟಿಲು ಹತ್ತಿ
ನನ್ನದೇ ಬಾಗಿಲು ತಟ್ಟಿದೆ.

ಲವೀನಿಯಾ ಬಾಗಿಲನ್ನು ಅಂಗೈಯಗಲ ತೆರೆದಳು,
ಮೈಯಿಂದ ಅದನ್ನೂ ಮುಚ್ಚಿ ನಿಂತಳು.
ಅವನ ಪಾಳಿ ಕಡಿತವಾಗಿದೆ, ಇದು ಅರ್ಧ, ಅಂದಳು.
ಅವಳ ಬೆನ್ನ ಹಿಂದೆ ಟಪ್.
ಟಪ್.
ಒಳಗಿನಿಂದ ಜೆನೀವಾ: "ಅಮ್ಮಾ, ಬಕೀಟು ತುಂಬ್ತು!"

ಸೂರಂಚಿನಲ್ಲಿ ಕಟ್ಟಿದ ಹಿಮ ಕರಗಿ
ಕಿಟಕಿಯ ಮೇಲಿನ ಗೋಡೆ ಊದಿಕೊಂಡಿತ್ತು.
"ಯಾವತ್ತಿನಿಂದ?"
"ಕ್ರಿಸ್‌ಮಸ್ಸಿಗೂ ಮುಂಚಿನಿಂದ."
"ಹೇಳಬಾರದಿತ್ತಾ?"
ಅವಳು ನೆಲ ನೋಡಿದಳು,
ಅಂದರೆ ನನ್ನ ಸೂರನ್ನು.
"ಹೇಳಿದರೆ ಬಾಡಿಗೆ ಏರಿಸ್ತೀರಿ ಅಂತ."

ಬಂದರಿನ ಬಳಿಯ ಬಾಡಿಗೆ ಕೋಣೆಯಲ್ಲಿ ನಾನು
ಸೀಳುಬಿಟ್ಟ ಬೇಸಿನ್ನಿಗೆ ಒಂಬತ್ತು ವರ್ಷ ಟವೆಲು ಹೊದಿಸಿದ್ದೆ.
ಮಾಲೀಕ ಬಂದಾಗಲೆಲ್ಲ ಅದಕ್ಕೆ ಒರಗಿ ನಿಂತು
ಹವಾಮಾನದ ಮಾತಾಡಿದ್ದೆ.
ಅವನೂ ಒಳ್ಳೆಯವನೇ ಇದ್ದನೋ ಏನೋ.
ಕೇಳಿ ನೋಡಲಿಲ್ಲ.

ನೋಟೀಸು ಹರಿದೆ ಅಂತ ಹೇಳಿದರೆ ಚೆನ್ನ.
ಹರಿಯಲಿಲ್ಲ. ಕೊಟ್ಟೆ.
ಹದಿನೈದಕ್ಕೆ ಬ್ಯಾಂಕಿನ ಕಂತು, ಅದಕ್ಕೆ ಟವೆಲು ಹೊದಿಸಲಾಗದು.
ಕೊಟ್ಟ ಕೈಯಿಂದಲೇ ಬಕೀಟು ಎತ್ತಿ ಸುರಿದೆ,
ಏಣಿ ತಂದೆ, ಮಧ್ಯಾಹ್ನವಿಡೀ ಹಿಮ ಒಡೆದೆ.
ಕೆಳಗೆ ಏಣಿ ಹಿಡಿದು ನಿಂತವನು ಒಡೆಲ್.
ಇಬ್ಬರೂ ದುಡ್ಡಿನ ಮಾತೆತ್ತಲಿಲ್ಲ.

ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ:
ಬಂದದ್ದು ಅರ್ಧ. ಬರಬೇಕಾದದ್ದು ಅರ್ಧ.
ಏಣಿ, ನಲವತ್ತು ಡಾಲರು.

ಡಬ್ಬಿಯಲ್ಲಿ ಇನ್ನೂ ಎರಡು ಕೀಲಿ ಇವೆ.