ಹಲಸೂರಿನ ಕನ್ನಡಿಯಲ್ಲಿ

ಕುರ್ಚಿ ಹತ್ತಿದರೆ ಸಾಕು, ಎದುರಿನ ಕನ್ನಡಿಯಲ್ಲಿ
ಬೆನ್ನ ಹಿಂದಿನ ಸ್ವಿಟ್ಜರ್ಲೆಂಡ್:
ಸರೋವರ, ಹಿಮದ ಟೋಪಿ ಹಾಕಿದ ಬೆಟ್ಟ,
ಕಿಟಕಿ ಕಿಟಕಿಗೂ ಕೆಂಪು ಹೂಕುಂಡ.

"ಬಲಕ್ಕೆ ಚರ್ಚು ನೋಡಿ ಸಾರ್,"
ಕತ್ತರಿಯಲ್ಲೇ ತೋರಿಸುತ್ತಾನೆ ಏಳುಮಲೈ,
"ತಿರುಗಿದ್ರೆ ಎಡಕ್ಕೆ."

ಹನ್ನೊಂದು ವರ್ಷದಿಂದ ಹೊರಡುತ್ತಲೇ ಇದೆ ಬಿಳಿ ಹಡಗು.
ದಡದ ಬೆಂಚಿನಲ್ಲಿ ಒಬ್ಬಳು, ಮುಖ ಆಚೆಗೆ.
ಇನ್ನೇನು ಗುರುತು ಹತ್ತಬೇಕು,
"ತಲೆ ಬಗ್ಸಿ."

ಮಡಿಲ ತುಂಬ ನನ್ನದೇ ಕೂದಲು,
ಆಲ್ಪ್ಸ್‌ನಷ್ಟಲ್ಲದಿದ್ದರೂ ಬಿಳಿ.

ಏಳುವಾಗ ಗೋಡೆ ಮುಟ್ಟಿ ನೋಡಿದೆ. ತೇವ.
"ನಮ್ಮ ಕೆರೆ ಸಾರ್, ಮಳೆಗಾಲಕ್ಕೆ ಒಸರುತ್ತೆ.
ಮುಚ್ಚೋಕೇ ಇದನ್ನ ಅಂಟಿಸಿದ್ದು."

ಉಬ್ಬಿದ ಕಾಗದದಲ್ಲಿ
ಸರೋವರ ಈ ಸಲ
ಬೆಂಚಿನ ಕಾಲವರೆಗೂ ಬಂದಿದೆ.

ಅವಳಿನ್ನೂ ಎದ್ದಿಲ್ಲ.