ಸುಣ್ಣದ ಪದರ

ಮಂಡಕ್ಕಿ ಭಟ್ಟಿಯ ಹಿಂದಿನ ಓಣಿಯಿಂದ
ಕೈಗಾಡಿಯ ಮೇಲೆ ಬಂತು ಅದು,
ಬಾಣಂತಿಯ ಹಾಗೆ ತಲೆತುಂಬ ಗೋಣಿತಟ್ಟು ಹೊದ್ದು.
ತಳ್ಳಿಕೊಂಡು ಬಂದ ಹುಡುಗ ಅಂದ:
"ಗುಜರಿಯವ್ನು ಕೇಜಿಗೆ ಮೂವತ್ತು ಅಂದ.
ಅಜ್ಜಿ ಚಪ್ಪಲಿಗೆ ಕೈ ಹಾಕ್ತು."

ಮುಂಬೈ ಹರಾಜಿನ ಮಾಲು.
ಮೂರು ಕಾಲು ಕಬ್ಬಿಣದ್ದು, ನಾಲ್ಕನೆಯದು ಇಟ್ಟಿಗೆ.
ಎನಾಮಲ್ ತೊಟ್ಟಿ; ನೆತ್ತಿಯ ಮೇಲೆ
ಬಟ್ಟೆ ಹಿಂಡುವ ಎರಡು ರಬ್ಬರ್ ಉರುಳೆ,
ಕಬ್ಬಿನ ಗಾಣದ ತಂಗಿ.
ಕೊಟ್ರಬಸಮ್ಮ ಇದರಲ್ಲಿ ಇಪ್ಪತ್ತೆರಡು ವರ್ಷ
ಹೆರಿಗೆ ಆಸ್ಪತ್ರೆಯ ಚಾದರ ಒಗೆದಿದ್ದಾಳೆ.
ಒಗೆದು ಮಾಳಿಗೆಗೆ ಹಾಕಿದರೆ
ಭಟ್ಟಿಯ ಮಸಿ ಹಾರಿ ಬಂದು ಕೂರುತ್ತಿತ್ತು;
ಇಳಿಸು, ಮತ್ತೆ ಒಗೆ.
"ಅರ್ಧ ದಾವಣಗೆರೆ ಇದರಾಗ ತೊಳಕಂಡೈತಿ,
ಇದನ್ನ ಕೇಜಿ ಲೆಕ್ಕಕ್ಕ ಕೊಡ್ಲೇನ?"

ಮೊದಲ ದಿನ ಬಿಚ್ಚಿದ್ದು ಒಂದೇ ನಟ್ಟು.
ಸೀಮೆಎಣ್ಣೆ ಹನಿಸಿದೆ, ಬೈದೆ, ಚಾ ಕುಡಿದೆ,
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ,
ಮಲಗಿದ ಕೂಸನ್ನು ಎಬ್ಬಿಸುವಷ್ಟೇ.
ಅಪ್ಪ ಮಿಲ್ಲಿನಲ್ಲಿ ಫಿಟ್ಟರ್. ಹೇಳುತ್ತಿದ್ದ,
ಅವಸರದ ಕೈ ಯಾವುದು ಅಂತ ತುಕ್ಕಿಗೆ ಗೊತ್ತಾಗ್ತದೆ.
ಮಿಲ್ಲಿನ ಸೈರನ್ನು ನಿಂತುಹೋಯಿತು,
ಅವನ ಕೆಮ್ಮೂ ನಿಂತಿತು.
ಹನ್ನೆರಡರ ಪಾನಾ ಇನ್ನೂ ಡ್ಯೂಟಿಯಲ್ಲಿದೆ.
"ಹೆಣ್ಮಗಳು ರಿಪೇರಿ ಮಾಡ್ತಾಳಾ?" ಅಂದವರು
ಈಗ ಮಿಕ್ಸಿ ತಂದಿಟ್ಟು
ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾರೆ.

ಹಿತ್ತಾಳೆ ಬುಷ್ಷಿಗೆ ಹುಣಸೆಹುಳಿ, ಕಲ್ಲುಪ್ಪು;
ದೇವರ ಸಾಮಾನಿಗಿಂತ ಜಾಸ್ತಿ ಹೊತ್ತು ತಿಕ್ಕಿದೆ.
ಕಲ್ಲಾಗಿದ್ದ ಉರುಳೆಗೆ
ಸೈಕಲ್ ಟ್ಯೂಬಿನ ಹೊಸ ತೊಗಲು.
ಮೋಟಾರಿನ ಹೊಟ್ಟೆಯಲ್ಲಿ
ಜಿರಲೆಗಳ ಮೂರು ತಲೆಮಾರು.
ತಳದ ರೆಕ್ಕೆಯ ಕೆಳಗೆ ಬೆರಳಾಡಿಸಿದರೆ
ಅಂಗಿ ಗುಂಡಿ ಹನ್ನೊಂದು, ಹೇರ್‌ಪಿನ್ನು,
ಇಪ್ಪತ್ತು ಪೈಸೆಯ ಒಂದು ನಾಣ್ಯ,
ಆಮೇಲೆ ಒಂದು ಬಿಲ್ಲೆ.
ಉಗುರಲ್ಲಿ ಕೆರೆದೆ. ಹಿತ್ತಾಳೆ.
ಮಿಲ್ಲಿನ ಗೇಟ್ ಬಿಲ್ಲೆ, ನಂಬರು ನಾನೂರ ಹದಿನೇಳು.

"ನಮ್ಮನ್ಯಾಗ ಯಾರೂ ಮಿಲ್ಲಿಗೆ ಹೋದವ್ರಲ್ಲ"
ಅಂದಳು ಕೊಟ್ರಬಸಮ್ಮ.
ಅಂದು, ಅದನ್ನು ಸೆರಗಿನ ತುದಿಗೆ
ಎರಡು ಗಂಟು ಹಾಕಿ ಕಟ್ಟಿಕೊಂಡಳು.
ನಾನು ಸ್ಕ್ರೂ ಎಣಿಸತೊಡಗಿದೆ.

ಉಳಿದದ್ದು ತೊಟ್ಟಿ.
ಬೋರ್ ನೀರು ವರ್ಷಗಟ್ಟಲೆ ಕಟ್ಟಿದ ಸುಣ್ಣ,
ಜೋಳದ ರೊಟ್ಟಿಯಷ್ಟು ದಪ್ಪ.
ನಿಂಬೆಹುಳಿ ಸುರಿದರೆ ಸುಯ್ ಎಂದು ನೊರೆಯೇಳುತ್ತಿತ್ತು,
ಎರಡು ದಿನ, ಹದಿನಾರು ನಿಂಬೆಹಣ್ಣು, ಬೆರಳೆಲ್ಲ ಉರಿ.
ಕೊನೆಗೆ ಬಿಳಿ ಬಂತು,
ಹೊಸ ಹಲ್ಲಿನಂಥ ಬಿಳಿ.
ಓಣಿಯವರನ್ನೆಲ್ಲ ಕರೆದು ತೋರಿಸಿದೆ.
ನೀರು ತುಂಬಿಸಿದೆ.
ಪಾದ ತಣ್ಣಗಾಯಿತು.

ಸೂಜಿಮೊನೆಯಂಥ ಏಳು ತೂತು.
ಇಷ್ಟು ವರ್ಷ ನೀರು ಹಿಡಿದದ್ದು ತೊಟ್ಟಿಯಲ್ಲ,
ನಾನು ಕೆರೆದು ಮೋರಿಗೆ ಚೆಲ್ಲಿದ್ದು.

"ಅದಕ್ಕ ನಾನು ಒಳಗ ಉಜ್ಜತಿರ್ಲಿಲ್ಲ" ಅಂದಳು ಮುದುಕಿ,
ಬೇಜಾರಿಲ್ಲದ ದನಿಯಲ್ಲಿ.
"ಮೊದಲೇ ಹೇಳೋದಲ್ವೇನಜ್ಜಿ?"
"ನೀ ಎಷ್ಟು ಖುಷೀಲೆ ತಿಕ್ಕತಿದ್ದಿ!"

ಬೆಸುಗೆ ಹಾಕಿದೆ. ಏಳೂ ಕಡೆ ಬೂದು ಚುಕ್ಕೆ,
ಅಂದ ಕೆಟ್ಟಿತು, ಸೋರಲಿಲ್ಲ.
ನನ್ನ ಗ್ರೀಸಿನ ಬಟ್ಟೆಯನ್ನೇ ಒಳಗೆ ಬಿಟ್ಟು ಗುಂಡಿ ತಿರುವಿದೆ.
ಮೊದಲು ಗೊರಗೊರ, ಆಮೇಲೆ ಬೆಲ್ಟು ಹದಕ್ಕೆ ಬಂತು;
ಅಂಗಡಿಯ ಡಬ್ಬಿಯಲ್ಲಿದ್ದ ಸ್ಕ್ರೂಗಳೆಲ್ಲ
ಮೆಲ್ಲಗೆ ಕುಣಿದವು.
ಉರುಳೆಗಳ ನಡುವಿಂದ ಬಟ್ಟೆ
ಹಪ್ಪಳವಾಗಿ ಹೊರಬಿತ್ತು.

ಹೊರಗೆ ಹಗ್ಗಕ್ಕೆ ಹಾಕಿದೆವು. ಸಂಜೆ ಗಾಳಿ.
ಭಟ್ಟಿಗೆ ಆಗಷ್ಟೇ ಉರಿ ಹಚ್ಚಿದ್ದರು.
ಒಂದು ಮಸಿಚೂರು ತೇಲಿ ಬಂದು,
ಜಾಗ ಹುಡುಕಿ, ಒದ್ದೆಯ ಮೇಲೆ ಕೂತಿತು.
ಕೊಟ್ರಬಸಮ್ಮ ಕಣ್ಣು ಕಿರಿದು ಮಾಡಿ ನೋಡಿದಳು,
ಸೆರಗಿನ ಗಂಟು ಮುಟ್ಟಿಕೊಂಡಳು,
"ಇನ್ನೊಮ್ಮೆ ಹಾಕು" ಅಂದಳು.