ಬುಡ ಬಿಟ್ಟು ಕಡಿಯುವುದು

ಕೋಟೆಯೆಂದರೆ ಕಲ್ಲು ಹುಡುಕಬೇಡಿ ಇಲ್ಲಿ.
ಬುರುಜಿಲ್ಲ, ಹೆಬ್ಬಾಗಿಲಿಲ್ಲ.
ಕಾಡಿನೊಳಗೆ ನೆಲ ಏರುತ್ತದೆ,
ಇಳಿಯುತ್ತದೆ, ಮತ್ತೊಮ್ಮೆ ಏರುತ್ತದೆ,
ಮಗ್ಗುಲು ಬದಲಿಸಿದವನ ಕಂಬಳಿಯ ಮಡಿಕೆಯ ಹಾಗೆ.
ಅಷ್ಟೇ ಕೈರ್ ಒನ್ನೆನ್.
ಒನ್ನೆನ್ ಎಂದರೆ ನಮ್ಮ ವೆಲ್ಷ್ ಮಾತಿನಲ್ಲಿ ಆ್ಯಶ್ ಮರ.
ಮರದ ಹೆಸರು ಹೊತ್ತ ಕೋಟೆಯಿಂದ
ಮರ ಇಳಿಸಲು ಬಂದವರು ನಾವು:
ನಾನು ತೆಗ್ವೆನ್, ಅರವತ್ತೊಂದು.
ನನ್ನ ಕುದುರೆ ತರಾನ್, ಹದಿನಾಲ್ಕು.

ರೋಗ ತುದಿಯಿಂದ ಇಳಿಯುತ್ತದೆ.
ಮೊದಲು ಎಲೆ, ಆಮೇಲೆ ಕೊಂಬೆ,
ಕೊನೆಗೆ ನಿಂತಲ್ಲೇ ಬೆಂಡಾಗುತ್ತದೆ ಮರ.
ಗಾಳಿಗೆ ಬಿದ್ದರೆ ಮರವೊಂದೇ ಬೀಳುವುದಿಲ್ಲ.
ಬೇರಿನ ತಟ್ಟೆ ಎದ್ದು ನಿಲ್ಲುತ್ತದೆ ಮನೆಯ ಗೋಡೆಯಷ್ಟು,
ಅದರ ಮುಷ್ಟಿಯಲ್ಲಿ ಏರಿಯ ಮಣ್ಣು,
ಎರಡು ಸಾವಿರ ವರ್ಷಕ್ಕೂ ಹೆಚ್ಚು
ಬೆಳಕು ಕಾಣದ ಮಣ್ಣು.

ಅದಕ್ಕೇ ಮೆರೆರಿಡ್ ಹೇಳಿದ್ದು
(ಪುರಾತತ್ವದವಳು, ಬೂಟಿನ ಲೇಸು ಸದಾ ಬಿಚ್ಚಿಕೊಂಡವಳು):
'ಕಡಿಯಿರಿ, ಕೀಳಬೇಡಿ.
ಬುಡ ಅಲ್ಲೇ ಇರಲಿ.
ಸತ್ತ ಬೇರೂ ಕೆಲಕಾಲ ಹಿಡಿದುಕೊಂಡಿರುತ್ತದೆ,
ಅಷ್ಟರೊಳಗೆ ಹುಲ್ಲು ಬಂದೀತು.'
ಯಂತ್ರವೂ ಬೇಡವಂತೆ. ಅದರ ಗಾಲಿ
ಒಂದು ಮಧ್ಯಾಹ್ನದಲ್ಲಿ ಇನ್ನೊಂದು ಕಂದಕ ತೋಡೀತು.
ಆದ್ದರಿಂದ ನಾವು. ಸರಪಳಿ, ಕೊರಳಪಟ್ಟಿ,
ಕೆಸರಿನ ಮೇಲೆ ಹಾಸಿದ ರೆಂಬೆಸೊಪ್ಪು,
ಒಂದೊಂದೇ ದಿಮ್ಮಿ.

ಬ್ಯಾಜರ್‌ಗಳಿಗೆ ಇದಾವುದನ್ನೂ ಯಾರೂ ತಿಳಿಸಿಲ್ಲ.
ಮೆತ್ತಗಿನ ಏರಿ ಕಂಡಲ್ಲಿ ಬಿಲ ಕೊರೆಯುತ್ತವೆ.
ಕೋಟೆಗೂ ಕಾನೂನಿನ ರಕ್ಷಣೆ, ಅವಕ್ಕೂ.
ಯಾರನ್ನು ಯಾರಿಂದ ಕಾಯುವುದೆಂದು
ಮೆರೆರಿಡ್ ಎರಡು ಕಚೇರಿಗೆ ಪತ್ರ ಬರೆದು ಕೂತಿದ್ದಾಳೆ.
ಬಿಲದ ಬಾಯಲ್ಲಿ ಒಮ್ಮೆ ಒಂದು ಕವಣೆಕಲ್ಲು ಸಿಕ್ಕಿತು,
ಹೊಳೆಯಲ್ಲಿ ನುಣುಪಾದದ್ದು, ಕೋಳಿಮೊಟ್ಟೆಗಿಂತ ಕಿರಿದು.
ಯಾರೋ ಗುಡ್ಡದ ಮೇಲೆ ಹೊತ್ತು ತಂದಿದ್ದರು.
ಎಸೆಯುವ ಪ್ರಸಂಗ ಬರಲಿಲ್ಲವೆಂದು ತೋರುತ್ತದೆ.

ಎರಡನೆಯ ವಾರ ಹೊರಗಂದಕದಲ್ಲಿ ಕಂಡದ್ದು
ಹೊಸ ದಿಬ್ಬ. ಸೈಕಲ್ ಹಾರಿಸಲು
ಹುಡುಗರು ಕಟ್ಟಿದ್ದು, ಸಲಿಕೆಯ ಬೆನ್ನಿನಿಂದ ತಟ್ಟಿ ತಟ್ಟಿ.
ಮೆರೆರಿಡ್‌ಗೆ ಮಾತೇ ಹೊರಡಲಿಲ್ಲ.
ಶನಿವಾರ ಕಾದು ಕೂತೆ. ಒಬ್ಬನೇ ಬಂದ,
ಮ್ಯಾಕ್ಸೆನ್, ಹದಿಮೂರೋ ಹದಿನಾಲ್ಕೋ,
ಕುದುರೆಯನ್ನು ನೋಡಿ ಓಡುವುದನ್ನು ಮರೆತ.

'ಎಷ್ಟು ದಿನದ ಕೆಲಸ?'
'ನಾಲ್ಕು ಶನಿವಾರ.'
'ಮಣ್ಣು?'
'ಇಲ್ಲಿಂದಲೇ. ಕೆಳಗಿನದನ್ನು ಮೇಲೆ ಎಸೆದರೆ ಆಯ್ತು.
ಗುಂಡಿಯೂ ಆಳ, ದಿಬ್ಬವೂ ಎತ್ತರ.
ಒಂದೇ ಸಲಿಕೆಗೆ ಎರಡು ಕೆಲಸ.'
'ಯಾರು ಹೇಳಿಕೊಟ್ಟದ್ದು?'
'ಯಾರೂ ಇಲ್ಲ. ಅದು ಗೊತ್ತಾಗುತ್ತೆ.'

ನಾನು ಏರಿಯನ್ನು ನೋಡಿದೆ, ಕಂದಕವನ್ನು ನೋಡಿದೆ.
ಬೈಯಲೆಂದು ತಂದ ಮಾತು
ಬಾಯಲ್ಲೇ ಉಳಿಯಿತು, ಬಿಸಿ ಆಲೂಗಡ್ಡೆಯ ಹಾಗೆ.

ಕೆಡವಿದವನೂ ಅವನೇ. ಹಾಗೆಂದು ತೀರ್ಪಾಯಿತು.
ಗಾಯದ ಮೇಲೆ ಮೊದಲು ಬಿಳಿ ಬಟ್ಟೆ ಹಾಸಬೇಕು,
ಅದರ ಮೇಲೆ ಮಣ್ಣು, ಗೇಣುಗೇಣಾಗಿ, ತುಳಿದು.
'ಬಟ್ಟೆ ಯಾಕೆ?'
'ಮುಂದೆ ಅಗೆಯುವವರಿಗೆ ತಿಳಿಯಲಿ,
ಅವರದು ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರು.'
ಮೆರೆರಿಡ್ ಈ ವರ್ಷದ ನಾಣ್ಯವೊಂದನ್ನು ಬಟ್ಟೆಯ ಮೇಲಿಟ್ಟಳು.
ಅವನು ಜೇಬು ತಡಕಿ
ತುಂಡಾದ ಸೈಕಲ್ ಚೈನಿನ ಒಂದು ಕೊಂಡಿ ಇಟ್ಟ.
ಅವಳು ತಡೆಯಲಿಲ್ಲ. ಪುಸ್ತಕ ತೆಗೆದು
ಅದನ್ನೂ ಬರೆದುಕೊಂಡಳು.

ಈಗ ಮೂವತ್ತೆಂಟು ಬುಡಗಳು ಉಳಿದಿವೆ, ಬೆಳ್ಳಗೆ.
ಹುಲ್ಲು ಬಂದಿಲ್ಲ. ಬರೀ ಜರಿಗಿಡ.
ದಿಮ್ಮಿ ಎಳೆದು ಇಳಿಯುವಾಗ ತರಾನ್
ಪೂರ್ವದ ಸಂದಿಯಲ್ಲಿ, ಬಾಗಿಲು ಇದ್ದಿರಬಹುದಾದಲ್ಲಿ,
ಪ್ರತಿ ಸಲವೂ ಒಂದು ಗಳಿಗೆ ನಿಲ್ಲುತ್ತಾನೆ.
ನೆಲ ಅಲ್ಲಿ ಸಪಾಟು, ದಣಿವಾರಿಸಿಕೊಳ್ಳಲು ಅನುಕೂಲ.
ಅದು ನನಗೆ ಗೊತ್ತು.
ಆದರೂ ಹಗ್ಗ ಜಗ್ಗುವುದಿಲ್ಲ.